ಸ್ಟೂಲಿನ ಮೇಲೆ ಕೂತ ಒಡತಿ

ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಪರದೆ ಹೊಲಿಯುವ ಒಂದು ಹೊಲಿಗೆಮನೆ. ನಾಲ್ಕು ಯಂತ್ರ, ಹಳೆಯ ಎರಡು ಬಾಗಿಲುಗಳನ್ನು ಜೋಡಿಸಿ ಮಾಡಿದ ಕತ್ತರಿಸುವ ಮೇಜು, ಗೋಡೆಗೆ ಒರಗಿಸಿಟ್ಟ ಬಟ್ಟೆಯ ಥಾನುಗಳು, ಬಿಸಿಯಾಗಲು ಬೇಕಾದಷ್ಟು ಹೊತ್ತು ತೆಗೆದುಕೊಳ್ಳುವ ಇಸ್ತ್ರಿಪೆಟ್ಟಿಗೆ, ಕಿಟಕಿಯ ಪಕ್ಕದಲ್ಲಿ ಒಡತಿ ಕೂರುವ ಸ್ಟೂಲು. ಇಷ್ಟೇ ಆಸ್ತಿ. ಆದರೂ ಹೊಸ ಮನೆ ಕಟ್ಟಿದವರು, ಹಳೆ ಮನೆಗೆ ಸುಣ್ಣಬಣ್ಣ ಮಾಡಿಸಿದವರು ಆ ಮೆಟ್ಟಿಲು ಹತ್ತದೆ ಇರುತ್ತಿರಲಿಲ್ಲ. ಒಡತಿ ಗಿರಾಕಿಯ ಮುಖ ನೋಡಿಯೇ ಇವರ ಮನೆಗೆ ಯಾವ ಬಣ್ಣ ಒಗ್ಗುತ್ತದೆ ಎಂದು ಹೇಳಿಬಿಡುತ್ತಿದ್ದಳು. ಅರ್ಧ ಸಲ ಅದು ಸರಿಯಾಗಿಯೂ ಇರುತ್ತಿತ್ತು.

ಈಗ ಆ ಸ್ಟೂಲಿನ ಮೇಲೆ ಅವಳು ಕೂರುವುದಿಲ್ಲ. ಗಂಡನಿಗೆ ಸಿಮೆಂಟ್ ಫ್ಯಾಕ್ಟರಿಯಲ್ಲಿ ಲೆಕ್ಕ ಬರೆಯುವ ಕೆಲಸ. ಬಸ್ಸಿನಲ್ಲಿ ಅರ್ಧ ದಿನ ದೂರವಿರುವ ಘಟಕಕ್ಕೆ ಅವನನ್ನು ಎತ್ತಿ ಹಾಕಿದರು. ಗಂಟುಮೂಟೆ ಕಟ್ಟಿಕೊಂಡು ಸಂಸಾರ ಹಿಂದೆಯೇ ಹೋಯಿತು. ಹೊಲಿಗೆಮನೆಯನ್ನು ಗಂಟು ಕಟ್ಟಲು ಬರುವುದಿಲ್ಲವಲ್ಲ, ಅದು ಅಲ್ಲೇ ಉಳಿಯಿತು. ಮಾರಿಬಿಡು ಎಂದು ಹೇಳಿದವರು ಸಾಕಷ್ಟು ಜನ. ಫೋನಿನಲ್ಲೇ ನಡೆಸುತ್ತೇನೆ, ಈಗಿನ ಕಾಲದಲ್ಲಿ ಅದೇನು ಮಹಾ ಎಂದು ಅವಳು ಎಲ್ಲರ ಬಾಯಿ ಮುಚ್ಚಿಸಿದಳು. ಅದೇನು ಮಹಾ ಎಂಬುದು ತಿಳಿಯಲು ಅವಳಿಗೆ ಬಹಳ ದಿನ ಬೇಕಾಗಲಿಲ್ಲ.

ಸ್ಟೂಲಿನ ಮೇಲೆ ನೂಲಿನ ಡಬ್ಬಕ್ಕೆ ಒರಗಿಸಿ ಒಂದು ಫೋನ್ ಇಟ್ಟರು. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ವಿಡಿಯೋ ಕರೆ. ಫ್ಯಾಕ್ಟರಿಯ ಕ್ವಾರ್ಟರ್ಸಿನಲ್ಲಿ, ಎಷ್ಟು ಒರೆಸಿದರೂ ಬೂದಿ ಬಣ್ಣದ ಧೂಳು ಕೂರುವ ಕಿಟಕಿಯ ಹತ್ತಿರ ಒಡತಿ ಕೂತುಕೊಂಡು ಅಲ್ಲಿನ ಸೂಜಿ ಇಲ್ಲಿಂದ ನೋಡುವಳು. ಒಲೆಯ ಮೇಲೆ ಹಾಲು ಉಕ್ಕುವುದು ಕಾಣದು, ಅಲ್ಲಿ ಯಾರ ಯಂತ್ರ ನಿಂತಿದೆ ಎಂಬುದು ಮಾತ್ರ ಕಾಣುವುದು.

ಅಲ್ಲಿ ಕೆಲಸ ನಡೆಸುತ್ತಿದ್ದವಳು ಕತ್ತರಿಯಕ್ಕ. ಒಡತಿಗಿಂತ ಹತ್ತಾರು ವರ್ಷ ದೊಡ್ಡವಳು. ಹೊಲಿಗೆಮನೆ ಶುರುವಾದಾಗ ಇದ್ದದ್ದು ಇವರಿಬ್ಬರೇ. ಒಬ್ಬಳು ಬಟ್ಟೆ ಹಿಡಿದರೆ ಇನ್ನೊಬ್ಬಳು ಕತ್ತರಿಸುವುದು, ಮಧ್ಯಾಹ್ನ ಒಂದೇ ಬುತ್ತಿ ಬಿಚ್ಚಿ ಇಬ್ಬರೂ ಉಣ್ಣುವುದು. ಕತ್ತರಿಯಕ್ಕ ಇವಳನ್ನು ತಂಗಿ ಎಂದೇ ಕರೆಯುತ್ತಿದ್ದಳು, ತಪ್ಪು ಮಾಡಿದರೆ ತಂಗಿಯನ್ನು ಬೈಯುವ ಹಾಗೆಯೇ ಬೈಯುತ್ತಿದ್ದಳು. ಒಡತಿ ಊರು ಬಿಡುವಾಗ ನಾನಿದ್ದೀನಿ ಹೋಗು ಎಂದು ಬೆನ್ನು ತಟ್ಟಿ ಕಳಿಸಿದವಳೂ ಅವಳೇ.

ಊರು ಬಿಟ್ಟ ಹೊಸದರಲ್ಲಿ ಒಂದು ಶಾಲೆಯ ಸಭಾಂಗಣದ ಪರದೆ ಒಂದು ಗೇಣು ಗಿಡ್ಡವಾಯಿತು. ಬಟ್ಟೆ ಸಾಲದೆ ಬಂದಿತ್ತು, ಕತ್ತರಿಯಕ್ಕ ಅಂಚಿನ ಮಡಿಕೆಯಲ್ಲಿ ಸರಿಮಾಡಬಹುದು ಎಂದು ತಾನೇ ಲೆಕ್ಕ ಹಾಕಿ ಕತ್ತರಿಸಿಬಿಟ್ಟಿದ್ದಳು. ಒಡತಿ ಅಲ್ಲಿದ್ದರೂ ಅದನ್ನೇ ಮಾಡುತ್ತಿದ್ದಳೋ ಏನೋ. ಆದರೆ ಅವಳು ಅಲ್ಲಿರಲಿಲ್ಲ, ಅದೇ ಅವಳಿಗೆ ಉರಿ. ಶಾಲೆಯವರು ಮುಖಕ್ಕೆ ಹೊಡೆದ ಹಾಗೆ ಮಾತಾಡಿದರು. ಆ ಸಿಟ್ಟನ್ನೆಲ್ಲ ಅವಳು ಕೆಲಸದವರ ಗ್ರೂಪಿನಲ್ಲಿ, ಎಲ್ಲರೂ ನೋಡುವಂತೆ ಕಾರಿಕೊಂಡಳು. ಇನ್ನು ಮುಂದೆ ಯಾರೂ ತಮ್ಮ ತಲೆ ಓಡಿಸಬೇಡಿ, ಬಟ್ಟೆಯನ್ನು ನನಗೆ ತೋರಿಸಿ, ನಾನು ಹ್ಞೂಂ ಅನ್ನುವ ತನಕ ಕತ್ತರಿ ಮುಟ್ಟಬೇಡಿ ಎಂದು ಬರೆದಳು. ಕೆಳಗೆ ಎಲ್ಲರೂ ಹೆಬ್ಬೆರಳಿನ ಚಿತ್ರ ಒತ್ತಿದರು. ಕತ್ತರಿಯಕ್ಕ ಮಾತ್ರ ‘ಸರಿ ಮೇಡಂ’ ಎಂದು ಬರೆದಳು. ಆವತ್ತಿನಿಂದ ತಂಗಿ ಹೋಗಿ ಮೇಡಂ ಆಯಿತು. ಒಡತಿಗೆ ಅದು ಗಮನಕ್ಕೆ ಬರಲಿಲ್ಲ. ಬಂದಿದ್ದರೂ, ಶಿಸ್ತು ಬಂತು ಎಂದುಕೊಳ್ಳುತ್ತಿದ್ದಳು.

ಹ್ಞೂಂ ಎನ್ನುವುದು ಸಣ್ಣ ಶಬ್ದ. ಅದನ್ನು ದಿನವಿಡೀ ಅನ್ನುತ್ತಾ ಕೂತರೆ ಜೀವ ಹಿಂಡುತ್ತದೆ. ಬಟ್ಟೆಗೆ ಹ್ಞೂಂ, ನೂಲಿಗೆ ಹ್ಞೂಂ, ರಿಂಗಿಗೆ ಹ್ಞೂಂ. ಪೊಟ್ಟಣಕ್ಕೆ ದಪ್ಪ ದಾರ ಕಟ್ಟಲೋ ತೆಳು ದಾರವೋ, ಬಲ್ಬು ಹೋಗಿದೆ ಹೊಸದು ತರಲೋ, ಕೆಳಗಿನ ಅಂಗಡಿಯವನು ಮೆಟ್ಟಿಲಿಗೆ ಅಡ್ಡವಾಗಿ ಪೈಪು ಇಟ್ಟಿದ್ದಾನೆ ಏನು ಮಾಡಲಿ, ಎಲ್ಲದಕ್ಕೂ ಫೋನು. ಸ್ನಾನಕ್ಕೆ ಹೋದರೆ ಬಚ್ಚಲ ಬಾಗಿಲ ಹೊರಗೆ ಫೋನು ಬಡಿದುಕೊಳ್ಳುತ್ತಿತ್ತು. ಈ ಜನಕ್ಕೆ ನಾನಿಲ್ಲದೆ ಒಂದು ಗಂಟು ಹಾಕಲೂ ಬರುವುದಿಲ್ಲ ಎಂದು ಅವಳು ಗಂಡನ ಮುಂದೆ ಗೊಣಗುತ್ತಿದ್ದಳು. ಆ ಗೊಣಗಾಟದಲ್ಲಿ ಒಂದು ಚಿಟಿಕೆ ಹೆಮ್ಮೆಯೂ ಇತ್ತು. ಇಲ್ಲ ಎಂದರೆ ಸುಳ್ಳಾಗುತ್ತದೆ.

ಗಂಡನೇನೂ ಕೆಟ್ಟವನಲ್ಲ, ಸಲಹೆ ಕೊಡುವುದರಲ್ಲಿ ಎತ್ತಿದ ಕೈ ಅಷ್ಟೇ. ಮನಸ್ಸಿಗೆ ವಿಶ್ರಾಂತಿ ಬೇಕು, ಉಸಿರಿನ ಮೇಲೆ ಗಮನ ಇಡು ಎಂದು ಯಾರೋ ಕಣ್ಣು ಮುಚ್ಚಿಕೊಂಡು ಹೇಳುವ ವಿಡಿಯೋಗಳನ್ನು ಆಫೀಸಿನಿಂದ ಕಳಿಸುವನು. ಸಂಜೆ ಮನೆಗೆ ಬಂದು ಅದನ್ನೇ ಬಾಯಲ್ಲೂ ಹೇಳಿ, ಅದೇ ಉಸಿರಿನಲ್ಲಿ ಟವೆಲ್ ಎಲ್ಲಿ ಎಂದು ಕೇಳುವನು. ಅವನ ಅಕ್ಕನಂತೂ, ಇದೆಲ್ಲ ನೀನಾಗಿ ತಂದುಕೊಂಡ ತಲೆನೋವು ಎಂದು ಪ್ರತಿ ಸಲ ನೆನಪಿಸುತ್ತಿದ್ದಳು. ಒಡತಿಗೆ ಮೈಯೆಲ್ಲ ಉರಿಯುತ್ತಿತ್ತು. ತಲೆನೋವು ಯಾರದಾದರೂ ನೋಯುವುದು ತಲೆಯೇ ತಾನೆ?

ಫ್ಯಾಕ್ಟರಿಯ ಡಾಕ್ಟರು ನಾಡಿ ಹಿಡಿದು, ನಾಲಿಗೆ ನೋಡಿ, ಕಾಯಿಲೆ ಏನೂ ಇಲ್ಲ ಎಂದರು. ಕೆಲಸದ ಮೇಲೆ ಬೇಸರ ಬಂದು, ಮೈಯಲ್ಲಿ ಕಸುವಿಲ್ಲದೆ, ಎಲ್ಲರ ಮೇಲೂ ರೇಗಬೇಕು ಎನ್ನಿಸುತ್ತಾ ಎಂದು ಕೇಳಿದರು. ಈಗ ನಿಮ್ಮ ಮೇಲೂ ಅನ್ನಿಸುತ್ತಿದೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡಳು. ದಿನಕ್ಕೆರಡು ಗಂಟೆ ಫೋನನ್ನು ದೂರ ಇಡಿ ಎಂದು ಹೇಳಿ ಕಳಿಸಿದರು. ಅವಳು ಅದನ್ನೂ ಮಾಡಿದಳು. ಮುಂದಿನ ಎರಡು ಗಂಟೆಗೆ ಬೇಕಾದ ಅಪ್ಪಣೆಗಳನ್ನೆಲ್ಲ ಮಾತಿನಲ್ಲಿ ರೆಕಾರ್ಡ್ ಮಾಡಿ ಕಳಿಸಿ, ಫೋನನ್ನು ಬಟ್ಟೆಯ ಬೀರುವಿನಲ್ಲಿಟ್ಟು ಬೀಗ ಹಾಕಿ, ಮಡಿಸಿದ ಬಟ್ಟೆಯನ್ನೇ ಮತ್ತೆ ಮಡಿಸುತ್ತಾ ಆ ಎರಡು ಗಂಟೆಯೂ ಬೀರುವಿನ ಮುಂದೆಯೇ ನಿಂತಿದ್ದಳು. ಎರಡು ದಿನದ ಮೇಲೆ ಆ ವಿಶ್ರಾಂತಿಯೂ ಸಾಕಾಯಿತು.

ಕಣ್ಣು ಬೇರೆ ಉರಿಯತೊಡಗಿತ್ತು. ಹೈಸ್ಕೂಲಿಗೆ ಹೋಗುವ ಮಗಳು ಒಂದು ಭಾನುವಾರ ಅಮ್ಮನ ಫೋನ್ ಇಸಿದುಕೊಂಡು ಅದೇನನ್ನೋ ಒತ್ತಿದಳು. ಇನ್ನು ಮೇಲೆ ಫೋನಿನ ಬೆಳಕು ಕಣ್ಣಿಗೆ ಚುಚ್ಚಲ್ಲ, ಸ್ವಲ್ಪ ಹಳದಿಯಾಗಿ ಕಾಣುತ್ತೆ ಅಷ್ಟೇ, ಬಣ್ಣ ನೋಡುವಾಗ ತೆಗೆದುಬಿಡಮ್ಮ ಎಂದು ಬಿಡಿಸಿ ಹೇಳಿದಳು. ಅಮ್ಮ ಆ ಹೊತ್ತಿಗೆ ಗಂಡನ ಫೋನಿನಲ್ಲಿ ಬಟ್ಟೆ ವ್ಯಾಪಾರಿಯ ಜೊತೆ ಜಗಳದಲ್ಲಿದ್ದಳು. ಮಗಳ ಕಡೆ ನೋಡದೆಯೇ ಹ್ಞೂಂ ಎಂದಳು. ಎರಡು ದಿನದಲ್ಲಿ ಕಣ್ಣಿಗೆ ಹಾಯೆನಿಸಿತು, ಆ ಹಳದಿ ಅಭ್ಯಾಸವಾಗಿ ಹೋಯಿತು, ಅಂಥದ್ದೊಂದು ಇದೆ ಎಂಬುದೇ ತಲೆಯಲ್ಲಿ ಉಳಿಯಲಿಲ್ಲ.

ಆ ವಾರವೇ ಹೊಸ ನರ್ಸಿಂಗ್ ಹೋಮಿನ ಕೆಲಸ ಬಂತು. ಹೊಲಿಗೆಮನೆ ಅಷ್ಟು ದೊಡ್ಡ ಕೆಲಸವನ್ನು ಹಿಂದೆ ಕಂಡಿರಲಿಲ್ಲ. ಎಲ್ಲ ಕೋಣೆಗೂ ಪರದೆ, ಎಲ್ಲವೂ ಬಿಳಿ. ಅಲ್ಲಿನ ಮೇಲ್ವಿಚಾರಕಿ ಮಾತಿನಲ್ಲಿ ಬಹಳ ಬಿಗಿ. ಕೆನೆ ಬಣ್ಣ ಬೇಡ, ಮಾಸಿದ ಹಾಗೆ ಕಾಣುತ್ತದೆ, ಅಪ್ಪಟ ಬಿಳಿ ಬೇಕು ಎಂದು ಎರಡೆರಡು ಸಲ ಹೇಳಿದ್ದಳು.

ಕತ್ತರಿಯಕ್ಕ ಬಿಳಿ ಥಾನು ಬಿಚ್ಚಿ ಫೋನಿಗೆ ಹಿಡಿದಳು. ಒಡತಿ ನೋಡಿದಳು, ಕೆನೆ. ಪಿತ್ತ ನೆತ್ತಿಗೇರಿತು. ಬಿಳಿಗೂ ಕೆನೆಗೂ ವ್ಯತ್ಯಾಸ ಗೊತ್ತಿಲ್ಲದವರನ್ನು ಇಟ್ಟುಕೊಂಡು ನಾನು ಬದುಕಬೇಕಲ್ಲ ಎಂದು ಕೂಗಾಡಿದಳು. ಬೇರೆ ಥಾನು ತೋರಿಸಿದರು, ಅದೂ ಕೆನೆ. ಕೊನೆಗೆ ಮೂಲೆಯಲ್ಲಿದ್ದ ಇನ್ನೊಂದನ್ನು ಎಳೆದು ಹಿಡಿದಾಗ ಅವಳ ಮುಖ ಅರಳಿತು. ನೋಡಿ, ಇದಕ್ಕೆ ಬಿಳಿ ಎನ್ನುತ್ತಾರೆ ಎಂದಳು.

ಆ ಕಡೆ ಕತ್ತರಿಯಕ್ಕ ಥಾನನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಹಿಡಿದಳು.

“ಮೇಡಂ, ಇದು ಬಿಳಿ ಅಲ್ಲ ಅನ್ಸುತ್ತೆ,” ಎಂದಳು ಕತ್ತರಿಯಕ್ಕ. “ಇನ್ನೊಂದ್ಸಲ ಸರಿಯಾಗಿ ನೋಡಿ.”

“ಅನ್ಸೋದು ಗಿನ್ಸೋದು ಬೇಡ. ನನಗೇನು ಕಣ್ಣಿಲ್ವಾ? ಹ್ಞೂಂ ಅಂದೆ ಅಲ್ವಾ, ಕತ್ತರಿಸಿ.”

“ಸರಿ ಮೇಡಂ.”

ಕತ್ತರಿಸಿದರು. ಒಂದು ಪರದೆಯಲ್ಲ, ನರ್ಸಿಂಗ್ ಹೋಮಿನ ಅಷ್ಟೂ ಪರದೆ. ಎಲ್ಲ ಕತ್ತರಿಸಿ, ಹೊಲಿಗೆ ಅರ್ಧ ದಾಟಿದ ಮೇಲೆ ಕತ್ತರಿಯಕ್ಕನಿಂದ ಒಂದು ಸಂದೇಶ ಬಂತು. ಗ್ರೂಪಿನಲ್ಲಲ್ಲ, ಇವಳೊಬ್ಬಳಿಗೇ. ಈ ಕೆಲಸ ಮುಗಿಸಿಕೊಟ್ಟು ನಾನು ಬಿಡುತ್ತೇನೆ, ಬೇರೆಯವರನ್ನು ನೋಡಿಕೊಳ್ಳಿ ಮೇಡಂ ಎಂದಿತ್ತು.

ಒಡತಿ ಅದನ್ನು ಓದಿ ಮೊದಲು ಸಿಟ್ಟಾದಳು. ಕುತ್ತಿಗೆಗೆ ಬಂದಾಗ ಕೈಕೊಡುವುದು ಎಂದರೆ ಇದೇ ಎಂದು ಗಂಡನ ಮುಂದೆ ಹಾರಾಡಿದಳು. ಗಂಡ ಉಸಿರಿನ ಮಾತೆತ್ತಿದ, ಅವನ ಕಡೆ ಒಂದು ನೋಟ ಬಿಟ್ಟಳು, ಅವನು ಪೇಪರಿನ ಹಿಂದೆ ಸರಿದ. ಸಿಟ್ಟು ಇಳಿದ ಮೇಲೆ ಹೆದರಿಕೆ ಹತ್ತಿತು. ಕತ್ತರಿಯಕ್ಕ ಹೋದರೆ ಹೊಲಿಗೆಮನೆಗೆ ಬೀಗ. ಇದರಲ್ಲಿ ಎರಡು ಮಾತಿಲ್ಲ. ಉಳಿದ ಹೆಂಗಸರು ಹೊಲಿಯಬಲ್ಲರು, ಆ ಮೇಜಿನ ಮುಂದೆ ನಿಂತು ಒಂದು ಥಾನನ್ನು ಪರದೆಯನ್ನಾಗಿ ಕಾಣುವ ಧೈರ್ಯ ಇದ್ದದ್ದು ಇಬ್ಬರಿಗೆ ಮಾತ್ರ. ಅವರಲ್ಲಿ ಒಬ್ಬಳು ಇಲ್ಲಿ ಸಿಮೆಂಟಿನ ಧೂಳು ಒರೆಸುತ್ತಿದ್ದಾಳೆ. ಮತ್ತೆ ಮತ್ತೆ ಕರೆ ಮಾಡಿದಳು. ಕತ್ತರಿಯಕ್ಕ ಕೆಲಸದ ಮಾತಿಗೆ ಮಾತ್ರ ಉತ್ತರ ಕೊಟ್ಟಳು, ಬೇರೆ ಮಾತು ಎತ್ತಿದರೆ ಯಂತ್ರದ ಸದ್ದಿನಲ್ಲಿ ಕೇಳಿಸುವುದಿಲ್ಲ ಎಂದಳು.

ಮರುದಿನ ಬೆಳಗಿನ ಮೊದಲ ಬಸ್ಸಿಗೆ ಹೊರಟಳು. ಯಾರಿಗೂ ಹೇಳಲಿಲ್ಲ. ದಾರಿಯುದ್ದಕ್ಕೂ ಏನು ಹೇಳಬೇಕು ಎಂದು ಮನಸ್ಸಿನಲ್ಲೇ ಜೋಡಿಸಿದಳು. ಮೊದಲು ನಿಷ್ಠುರ, ಆಮೇಲೆ ಹಳೆಯ ದಿನಗಳ ನೆನಪು, ಕೊನೆಗೆ ಸಂಬಳ ಹೆಚ್ಚಿಸುವ ಮಾತು. ಬಸ್ಸಿನಲ್ಲಿಯೂ ಫೋನು ಬಿಡಲಿಲ್ಲ. ಹ್ಞೂಂ, ಹ್ಞೂಂ ಎನ್ನುತ್ತಲೇ ಊರು ಬಂತು. ಪಕ್ಕದ ಸೀಟಿನ ಅಜ್ಜಿ, ಯಾರಮ್ಮ ಅಷ್ಟು ಉದ್ದದ ಕಥೆ ಹೇಳುತ್ತಿರುವುದು ಎಂದು ಕೇಳಿದಳು.

ಪೈಪುಗಳನ್ನು ದಾಟಿ ಮೆಟ್ಟಿಲು ಹತ್ತಿ ಬಾಗಿಲಿನಲ್ಲಿ ನಿಂತಾಗ ಯಾರೂ ಇವಳ ಕಡೆ ತಿರುಗಲಿಲ್ಲ. ಹೊಲಿಯುವ ಹೆಂಗಸರೆಲ್ಲ ಇವಳಿಗೆ ಬೆನ್ನು ಹಾಕಿ ಸ್ಟೂಲಿನ ಮುಂದೆ ಸೇರಿದ್ದರು. ಅವರಲ್ಲಿ ಎಲ್ಲರಿಗಿಂತ ಚಿಕ್ಕವಳು ಹೊಲಿದು ಮುಗಿಸಿದ ಪರದೆಯೊಂದನ್ನು ಎರಡು ಕೈಯಲ್ಲಿ ಎತ್ತಿ ಫೋನಿಗೆ ತೋರಿಸುತ್ತಾ ನಿಂತಿದ್ದಳು. ಮೇಡಂ ಕರೆ ಎತ್ತಲಿ ಎಂದು ಎಲ್ಲರೂ ಕಾಯುತ್ತಿದ್ದರು. ಅದೇ ಕ್ಷಣಕ್ಕೆ ಒಡತಿಯ ಕೈಯಲ್ಲಿದ್ದ ಫೋನು ನಡುಗಿತು. ಅಭ್ಯಾಸಬಲ, ಒತ್ತಿಬಿಟ್ಟಳು. ತೆರೆಯಲ್ಲಿ ಬಿಳಿ ಪರದೆ ತುಂಬಿಕೊಂಡಿತು.

“ಹ್ಞೂಂ, ಚೆನ್ನಾಗಿದೆ. ಹೀಗೇ ಇರಲಿ,” ಎಂದಳು.

ಮಾತು ಸ್ಟೂಲಿನಿಂದಲೂ ಬಂತು, ಬಾಗಿಲಿನಿಂದಲೂ ಬಂತು. ಹೆಂಗಸರು ಬೆಚ್ಚಿ ಹಿಂದಕ್ಕೆ ತಿರುಗಿದರು. ಚಿಕ್ಕವಳು ಪರದೆ ಎತ್ತಿ ಹಿಡಿದುಕೊಂಡೇ ತಿರುಗಿದಳು. ಒಡತಿ ತೆರೆಯಿಂದ ಕಣ್ಣೆತ್ತಿದಳು. ಪರದೆ ನೀಲಿಯಾಗಿತ್ತು.

ಕಡು ನೀಲಿಯಲ್ಲ. ನೀಲಿ ಹಾಕಿದ್ದು ಹೆಚ್ಚಾದ ಬಟ್ಟೆಯ ಹಾಗೆ, ತೆಳು ನೀಲಿ. ಬಿಳಿ ಎಂದು ಕಣ್ಣಿದ್ದವರು ಯಾರೂ ಹೇಳಲಾರರು. ಅವಳು ಫೋನನ್ನು ನೋಡಿದಳು, ಬಿಳಿ. ಬಟ್ಟೆಯನ್ನು ನೋಡಿದಳು, ನೀಲಿ. ಮತ್ತೆ ಫೋನು, ಮತ್ತೆ ಬಟ್ಟೆ. ಗೋಡೆಗೆ ಒರಗಿದ್ದ, ತಾನು ಕೆನೆ ಎಂದು ಬೈದು ಸರಿಸಿದ್ದ ಥಾನು ಕಿಟಕಿಯ ಬೆಳಕಿಗೆ ಬೆಳ್ಳಗೆ ಹೊಳೆಯುತ್ತಿತ್ತು. ಮಗಳು ಭಾನುವಾರ ಏನೋ ಒತ್ತಿದ್ದು, ಹಳದಿ ಎಂದದ್ದು, ತಾನು ಕೇಳಿಸಿಕೊಳ್ಳದೆ ಹ್ಞೂಂ ಎಂದದ್ದು ಎಲ್ಲ ಆಗ ನೆನಪಿಗೆ ಬಂತು. ಎಲ್ಲ ಕಡೆಯೂ ಪರದೆಗಳು, ಮಡಿಸಿದ್ದು, ಹೊಲಿಯುತ್ತಿದ್ದದ್ದು, ಇಸ್ತ್ರಿಗೆ ಇಟ್ಟದ್ದು. ಎಲ್ಲವೂ ನೀಲಿ.

ಕತ್ತರಿಯಕ್ಕ ಮೇಜಿನ ಹತ್ತಿರ ನಿಂತಿದ್ದಳು. ಇವಳು ಬಂದದ್ದನ್ನು ಅವಳು ಮೊದಲೇ ಕಂಡಿದ್ದಳು.

“ಗೊತ್ತಿದ್ದೂ ಕತ್ತರಿಸಿದ್ಯಾ ಅಕ್ಕ?”

“ಗೊತ್ತಿದ್ದೇ ಕತ್ತರಿಸಿದೆ.”

“ಯಾಕೆ?”

“ತಲೆ ಓಡಿಸಬೇಡಿ ಅಂದಿದ್ರಲ್ಲ. ಓಡಿಸಲಿಲ್ಲ.” ಕತ್ತರಿಯಕ್ಕ ಕತ್ತರಿಯನ್ನು ಮೇಜಿನ ಮೇಲಿಟ್ಟಳು. “ತಪ್ಪು ನಂದೂ ಇದೆ. ಹಟಕ್ಕೆ ಬಿದ್ದು ಕತ್ತರಿಸ್ತಾ ಹೋದೆ. ಪ್ರತಿ ಸಲ ಬಟ್ಟೆಗೆ ಕತ್ತರಿ ಹಾಕೋವಾಗ್ಲೂ ಹೊಟ್ಟೆ ಉರೀತಿತ್ತು. ಇಂಥ ಕೆಲಸ ಮಾಡೋ ಹಾಗಾದೆನಲ್ಲ ಅಂತಾನೇ ಬಿಡ್ತೀನಿ ಅಂದಿದ್ದು.”

ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಒಂದೂ ಒಡತಿಯ ನೆರವಿಗೆ ಬರಲಿಲ್ಲ. ಹತ್ತು ಹೆಜ್ಜೆಯ ಕೋಣೆಯಲ್ಲಿ ತಾನು ನಿಂತಿರುವಾಗ, ಅವರು ಬಟ್ಟೆಯನ್ನು ತೋರಿಸುತ್ತಿದ್ದದ್ದು ಸ್ಟೂಲಿಗೆ. ಅದನ್ನು ಕಲಿಸಿದವಳು ತಾನೇ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸುಸ್ತಾಯಿತು. ನೆಲದ ಮೇಲೆ, ಚೂರು ಬಟ್ಟೆಗಳ ರಾಶಿಯ ಪಕ್ಕದಲ್ಲೇ ಕುಸಿದು ಕೂತಳು. ಯಾರೋ ನೀರು ತಂದುಕೊಟ್ಟರು.

ನೀರು ಕುಡಿದು ಅವಳು ಮೊದಲು ಮಾಡಿದ್ದು ಮೇಲ್ವಿಚಾರಕಿಗೆ ಫೋನು. ಎಲ್ಲರ ಎದುರಿಗೇ ಮಾಡಿದಳು. ಬಣ್ಣ ತಪ್ಪಾಗಿದೆ, ಕೆಲಸದವರದ್ದಲ್ಲ, ನನ್ನ ಕಣ್ಣಿನ ತಪ್ಪು ಎಂದಳು. ಮೇಲ್ವಿಚಾರಕಿ ಕರಗುವ ಪೈಕಿಯಲ್ಲ. ಬಿಳಿ ಎಂದರೆ ಬಿಳಿ, ಉದ್ಘಾಟನೆಯ ದಿನಕ್ಕೆ ಬೇಕು, ಆಗದಿದ್ದರೆ ಈಗಲೇ ಹೇಳಿ ಎಂದಳು. ಒಡತಿ ಬಾಯಿ ತೆರೆದಳು, ಹ್ಞೂಂ ಎನ್ನಲು ಹೊರಟವಳು ತಡೆದು ಕತ್ತರಿಯಕ್ಕನ ಮುಖ ನೋಡಿದಳು. ಕತ್ತರಿಯಕ್ಕ ಬಿಳಿ ಥಾನನ್ನು ನೋಡಿದಳು, ಯಂತ್ರಗಳನ್ನು ನೋಡಿದಳು, ಮನಸ್ಸಿನಲ್ಲೇ ಏನೋ ಎಣಿಸಿ ತಲೆಯಾಡಿಸಿದಳು. ಆಗುತ್ತದೆ ಎಂದು ಒಡತಿ ಫೋನಿಗೆ ಹೇಳಿದಳು.

ಫೋನ್ ಇಟ್ಟ ಮೇಲೆ ಕತ್ತರಿಯಕ್ಕನ ಕಡೆ ನೋಡಲು ಅವಳಿಗೆ ಧೈರ್ಯ ಬರಲಿಲ್ಲ. ನೆಲವನ್ನು ನೋಡುತ್ತಲೇ, ಆಮೇಲೆ ಹೋಗಿಬಿಡುತ್ತೀಯಾ ಎಂದು ಕೇಳಿದಳು.

“ಕೆಲಸ ಮುಗಿದ ಮೇಲೆ ಹೋಗ್ತೀನಿ ಅಂದಿದ್ದೆ. ಮುಗಿದಿಲ್ವಲ್ಲ, ಈಗ ಮೊದಲಿಂದ ಶುರು,” ಎಂದಳು ಕತ್ತರಿಯಕ್ಕ. “ಆಮೇಲಿನ ಮಾತು ಆಮೇಲೆ.”

ಒಡತಿ ಎದ್ದು ಸೆರಗು ಸಿಕ್ಕಿಸಿಕೊಂಡು, ನಾನೂ ಕತ್ತರಿಸುತ್ತೇನೆ, ಇಬ್ಬರಾದರೆ ಬೇಗ ಆಗುತ್ತದೆ ಎಂದು ಕತ್ತರಿ ಎತ್ತಿಕೊಂಡಳು. ಕತ್ತರಿ ಬಟ್ಟೆಯ ಮೇಲೆ ನೆಟ್ಟಗೆ ನಿಲ್ಲಲಿಲ್ಲ. ಕತ್ತರಿಯಕ್ಕ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕತ್ತರಿಯನ್ನು ತೆಗೆದುಕೊಂಡಳು. ಕಣ್ಣು ಕೆಂಡದಂತಾಗಿದೆ, ಕೈ ನಿಲ್ಲುತ್ತಿಲ್ಲ, ಇಲ್ಲಿದ್ದು ಇನ್ನೊಂದು ಥಾನು ಹಾಳುಮಾಡುವುದು ಬೇಡ, ಸಂಜೆ ಬಸ್ಸಿಗೆ ಹೋಗಿ ಮನೆಯಲ್ಲಿ ಮಲಗಿ ಎಂದಳು. ಪರದೆ ಕೊಟ್ಟು ಬರುವ ತನಕ ಫೋನ್ ಮಾಡಕೂಡದು ಎಂದೂ ಹೇಳಿದಳು. ಆಮೇಲೆ ನೂಲಿನ ಡಬ್ಬಕ್ಕೆ ಒರಗಿದ್ದ ಫೋನನ್ನು ಎತ್ತಿ ಚಿಕ್ಕವಳ ಕೈಗೆ ಕೊಟ್ಟು, ಕಿಟಕಿಯ ಪಕ್ಕದ ಸ್ಟೂಲನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು.

“ಇದರ ಮೇಲೆ ಇನ್ನು ನಾನು ಕೂರ್ತೀನಿ. ನಿಂತೂ ನಿಂತೂ ಮಂಡಿ ಸತ್ತು ಹೋಗಿದೆ.”

ತನ್ನ ಹೊಲಿಗೆಮನೆಯಿಂದ ತನ್ನನ್ನೇ ಹೊರಗೆ ಹಾಕಿದ್ದಾರೆ ಎಂಬ ಸಿಟ್ಟು ಬಸ್ಸಿನುದ್ದಕ್ಕೂ ಒಡತಿಯನ್ನು ಬಿಡಲಿಲ್ಲ. ಮನೆ ಮುಟ್ಟಿ ಚಪ್ಪಲಿ ಬಿಟ್ಟವಳೇ ಮಲಗಿದಳು. ಮರುದಿನ ಸೂರ್ಯ ನೆತ್ತಿಗೆ ಬಂದ ಮೇಲೆ ಎದ್ದಳು. ಗಂಡ ಟವೆಲನ್ನು ತಾನೇ ಹುಡುಕಿಕೊಂಡು ಹೋಗಿದ್ದ.

ಫೋನು ಬಡಿದುಕೊಳ್ಳದ ದಿನಗಳು ನೆಮ್ಮದಿಯಾಗಿರುತ್ತವೆ ಎಂದು ಹೇಳುವವರು ಅಂಥ ದಿನಗಳನ್ನು ಕಂಡಿರಲಾರರು. ಅವಳಿಗೆ ಕೈಕಾಲೇ ಆಡಲಿಲ್ಲ. ಕಿಟಕಿ ಒರೆಸಿದಳು, ಮತ್ತೆ ಧೂಳು ಕೂತಿತು, ಮತ್ತೆ ಒರೆಸಿದಳು. ಫೋನ್ ಎತ್ತುವಳು, ಕತ್ತರಿಯಕ್ಕನ ಹೆಸರಿನ ತನಕ ಬೆರಳು ಹೋಗುವುದು, ಹಲ್ಲು ಕಚ್ಚಿ ಕೆಳಗಿಡುವಳು. ಬಿಳಿ ಸಾಲದೆ ಬಂದರೆ? ಯಂತ್ರ ಕೆಟ್ಟರೆ? ಏನೂ ಕೆಡದೆ ಎಲ್ಲ ಸಲೀಸಾಗಿ ನಡೆದುಬಿಟ್ಟರೆ? ಈ ಕೊನೆಯ ಯೋಚನೆಯೇ ಅವಳನ್ನು ಎಲ್ಲಕ್ಕಿಂತ ಹೆಚ್ಚು ಕಾಡಿತು.

ಉದ್ಘಾಟನೆಯ ದಿನ ಬಂತು, ಕಳೆಯಿತು. ಮೇಲ್ವಿಚಾರಕಿ ಫೋನ್ ಮಾಡಿ, ಪರದೆ ಸರಿಯಾಗಿದೆ ಎಂದಷ್ಟೇ ಹೇಳಿದಳು. ಕತ್ತರಿಯಕ್ಕನಿಂದ ಸುದ್ದಿಯಿಲ್ಲ. ಆ ದಿನವೂ ಇಲ್ಲ, ಮರುದಿನವೂ ಇಲ್ಲ. ಕೆಲಸ ಮುಗಿದಿದೆ, ಅವಳು ಹೋಗಿಬಿಟ್ಟಿದ್ದಾಳೆ ಎಂದು ಒಡತಿ ತೀರ್ಮಾನ ಮಾಡಿಕೊಂಡಳು. ಸಾರಿಗೆ ಉಪ್ಪು ಹಾಕುವುದನ್ನು ಮರೆತಳು, ಮಗಳು ಸುಮ್ಮನೆ ಉಂಡಳು.

ಮೂರನೆಯ ದಿನ ಮಧ್ಯಾಹ್ನ ಫೋನು ಬಂತು. ಒಡತಿ ಒದ್ದೆ ಕೈಯಲ್ಲೇ ಎತ್ತಿಕೊಂಡಳು. ಹಿಂದೆ ಯಂತ್ರಗಳ ಸದ್ದು ಕೇಳುತ್ತಿತ್ತು. ಯಾರೋ ಹೊಸ ಮನೆಯವರು ಬಂದಿದ್ದರು, ಆ ನೀಲಿ ಪರದೆಗಳನ್ನು ನೋಡಿ ಮೆಚ್ಚಿಕೊಂಡರು, ಅವರ ಕಿಟಕಿಗೆ ಉದ್ದ ಸಾಲದ್ದಕ್ಕೆ ಕೆಳಗೆ ಬೇರೆ ಬಣ್ಣದ ಪಟ್ಟಿ ಸೇರಿಸಬೇಕಾಯಿತು ಎಂದು ಕತ್ತರಿಯಕ್ಕ ಒಂದೇ ಉಸಿರಿನಲ್ಲಿ ಹೇಳಿದಳು.

“ಪಟ್ಟಿ ಕತ್ತರಿಸಾಯ್ತು,” ಎಂದಳು.

ಯಾರನ್ನು ಕೇಳಿ ಎಂಬ ಮಾತು ಒಡತಿಯ ಗಂಟಲಿನ ತನಕ ಬಂತು. ಅಷ್ಟು ದಿನ ಮಲಗಿ ಎದ್ದದ್ದೆಲ್ಲ ಆ ಒಂದು ಕ್ಷಣದಲ್ಲಿ ಮಣ್ಣುಪಾಲಾಗುವ ಹಾಗಿತ್ತು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಕಷ್ಟಪಟ್ಟು ಒಂದೇ ಪ್ರಶ್ನೆ ಕೇಳಿದಳು.

“ಪಟ್ಟಿ ಯಾವ ಬಣ್ಣದ್ದು ಅಕ್ಕ?”

“ಬಂದಾಗ ನೋಡು ತಂಗಿ,” ಎಂದು ಕತ್ತರಿಯಕ್ಕ ಫೋನ್ ಇಟ್ಟಳು.

ಒಡತಿ ಅಲ್ಲೇ ನಿಂತಿದ್ದಳು. ಕಣ್ಣು ತುಂಬಿತ್ತು, ಸಿಟ್ಟೂ ಪೂರ್ತಿ ಇಳಿದಿರಲಿಲ್ಲ. ಆ ಪಟ್ಟಿ ಹಸಿರೋ ಬೂದಿಯೋ ಎಂದು ತಲೆಯಲ್ಲಿ ಕೊರೆಯುತ್ತಲೇ ಇತ್ತು. ಪರದೆಯ ಗಲಾಟೆ ಕೇಳಿದ ದಿನದಿಂದ ಮುಖ ಸಣ್ಣದು ಮಾಡಿಕೊಂಡಿದ್ದ ಮಗಳು ಹತ್ತಿರ ಬಂದು, ಫೋನಿನಲ್ಲಿ ಆ ಹಳದಿಯನ್ನು ತೆಗೆದುಬಿಡಲಾ ಎಂದು ಮೆಲ್ಲಗೆ ಕೇಳಿದಳು. ಈ ಸಲ ಅಮ್ಮ ಮಗಳ ಕಡೆ ತಿರುಗಿ ನೋಡಿಯೇ ಉತ್ತರ ಕೊಟ್ಟಳು.

“ಇರಲಿ ಬಿಡು. ಕಣ್ಣಿಗೆ ಹಿತವಾಗಿದೆ.”